ಸೋಮವಾರದ ಸೈಕಲ್ಲು

ದೇವಪ್ಪಣ್ಣ, ಆ ದಿನ ಇವರು ಬಬಲೇಶ್ವರಕ್ಕೆ ಹೋಗಿರಲಿಲ್ಲ. ಒಳಗೆ ಮಲಗಿದ್ದರು. ನಾನು ನಿನಗೆ ಸುಳ್ಳು ಹೇಳಿದೆ.

ಇಷ್ಟು ನಿನಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ಎಂಟು ವರ್ಷ ಬಾಯಿ ಬಿಟ್ಟವನಲ್ಲ ನೀನು. ಆದರೆ ನಿನಗೆ ಗೊತ್ತಿಲ್ಲದ್ದು ಇನ್ನೊಂದು ಇದೆ — ನಿನ್ನ ಅವ್ವ ಕೊನೆಗೆ ಆಡಿದ ಮಾತು. ಅದು ನಿನಗೆ ತಲುಪದ ಹಾಗೆ ಮಾಡಿದವಳೂ ನಾನೇ. ನೇರವಾಗಿ ಅದನ್ನೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆಗುತ್ತಿಲ್ಲ. ಊರವರ ವಿಷಯಕ್ಕೆ ನನ್ನ ನಾಲಿಗೆ ಎಷ್ಟು ಹರಿತವೆಂದು ನೀನು ಬಲ್ಲೆ. ನನ್ನ ವಿಷಯಕ್ಕೆ ಬಂದರೆ ಮಾತ್ರ ಅಂಟಿಕೊಂಡುಬಿಡುತ್ತದೆ. ಮೊದಲಿನಿಂದಲೇ ಹೇಳುತ್ತೇನೆ. ಮುಂದಿನ ಭಾನುವಾರ ಈ ಕಾಗದವನ್ನು ಸಭೆಯ ಮುಂದೆ ಓದಬೇಕೆಂದಿದ್ದೇನೆ, ಏನೂ ಅರಿಯದವರಿಗೂ ತಿಳಿಯಬೇಕಲ್ಲ.

ಅದು ಜರ್ಮನಿಯ ಲಡಾಯಿಯ ಕಾಲ. ನಮ್ಮ ಮಗಳು ಕರುಣಾ ಹುಟ್ಟಿ ನಾಲ್ಕು ತಿಂಗಳಾಗಿತ್ತು. ಇವರು ವಿಜಾಪುರದ ನಮ್ಮ ಸಣ್ಣ ಸಭೆಗೆ ಪಾದ್ರಿಗಳು. ಭಾನುವಾರ ಎರಡು ಹೊತ್ತು ಆರಾಧನೆ, ಮಂಗಳವಾರ ತಿಕೋಟಾ, ಗುರುವಾರ ಸಾರವಾಡ, ಅಲ್ಲಿಂದ ಹಾಗೇ ಬಬಲೇಶ್ವರ — ಎಲ್ಲವೂ ಒಂದೇ ಸೈಕಲ್ಲಿನ ಮೇಲೆ. ಉಳಿದ ದಿನ ಜಡ್ಡಾದವರ ಮನೆ, ಜಗಳವಾಡಿದವರ ಮನೆ, ದಂಡಿಗೆ ಹೋದ ಮಗನ ಕಾಗದ ಓದಿಸಿಕೊಳ್ಳಲು ಬರುವ ತಂದೆತಾಯಿ. ಇವರಿಗೆ ಇಲ್ಲ ಎನ್ನುವ ಮಾತೇ ಬಾರದು. ಹೆಂಡತಿಗೆ ಮಾತ್ರ ದಿನಕ್ಕೆ ಹತ್ತು ಸಲ ‘ಈಗ ಬಂದೆ’ ಎನ್ನುತ್ತಿದ್ದರು. ನಮ್ಮ ಹಿರಿಯರಾದ ಸಮುವೇಲಪ್ಪನವರು ‘ದೇವರ ಕೆಲಸಕ್ಕ ಸೂಟಿ ಅನ್ನೂದ ಇಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅವರು ಮಾತ್ರ ಮಧ್ಯಾಹ್ನ ಉಂಡ ಮೇಲೆ ತಪ್ಪದೆ ಒಂದು ತಾಸು ಅಡ್ಡಾಗುತ್ತಿದ್ದರು.

ಕೂಸಿಗೋ ಹೊಟ್ಟೆನೋವು. ಅತ್ತರೆ ನಿಲ್ಲಿಸುವ ಹೆಸರಿಲ್ಲ. ನನಗೆ ತವರಿನಲ್ಲಿ ತಾಯಿ ಇರಲಿಲ್ಲ. ನನ್ನ ಹೆರಿಗೆ ಮಾಡಿಸಿದವಳು, ಬಾಣಂತನ ಮಾಡಿದವಳು, ಇಬ್ರಾಹಿಂಪುರದಿಂದ ದಿನಾ ನಡೆದು ಬಂದು ಕಾಲು ಚಾಚಿ ಕೂತು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ನಿನ್ನ ಅವ್ವ ಶಾಂತವ್ವ. ನನಗೆ ಬೈದು ಉಣಿಸುತ್ತಿದ್ದಳು. ಒಮ್ಮೆ ಇವರ ಕಣ್ಣು ಕೆಂಪಾದದ್ದನ್ನು ನೋಡಿ ಅಂದಳು: “ಸಾಹೇಬ್ರು ಊರ ಮಂದಿಗೆಲ್ಲಾ ಪ್ರಾರ್ಥನಿ ಮಾಡ್ತಾರ. ಅವರಿಗೆ ಒಂದೀಟ ನಿದ್ದಿ ಬರ್ಲಿ ಅಂತ ಯಾರ ಮಾಡ್ಬೇಕ, ಯವ್ವಾ?” ಅಂಥವಳು. ನಾನು ಅನ್ಯಾಯ ಮಾಡಿದ್ದು ಅಂಥವಳಿಗೆ.

ಆಗ ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಸೈಕಲ್ಲು ಬಾಗಿಲ ಮುಂದಿನ ಬೇವಿನ ಗಿಡಕ್ಕೆ ಒರಗಿದ್ದರೆ ಪಾದ್ರಿಗಳು ಮನೆಯಲ್ಲಿದ್ದಾರೆ ಎಂದರ್ಥ. ಕರೆಯಬೇಕಿಲ್ಲ, ಬಾಗಿಲು ಬಡಿಯಬೇಕಿಲ್ಲ, ಒಳಗೆ ಬಂದು ಕೂಡುವುದೇ. ಸೈಕಲ್ಲು ಕಾಣದಿದ್ದರೆ ಬಂದ ದಾರಿಯಲ್ಲೇ ಮರಳಿ ಹೋಗುವುದು. ಆ ಸೈಕಲ್ಲನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಶ್ರಾವಣದ ಒಂದು ಸೋಮವಾರ. ಹಿಂದಿನ ದಿನ ಎರಡು ಆರಾಧನೆ, ತೀರಿದವರೊಬ್ಬರ ಮಣ್ಣು. ಮಧ್ಯಾಹ್ನ ಉಣ್ಣುತ್ತ ಕೂತವರು ರೊಟ್ಟಿಯ ತುತ್ತು ಕೈಯಲ್ಲಿರುವಾಗಲೇ ತೂಕಡಿಸಿದರು. ಕೈ ತೊಳೆಸಿ ಮಲಗಿಸಿದೆ. ಅಳುತ್ತಿದ್ದ ಕೂಸನ್ನು ಅವರ ಎದೆಯ ಮೇಲೆ ಹಾಕಿದೆ — ಏನಾಯಿತೋ, ಅದೂ ಮಲಗಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಮನೆಯಲ್ಲಿ ಸದ್ದಿಲ್ಲ. ಆ ಸುಖವನ್ನು ಹೇಗೆ ಹೇಳಲಿ — ನಡುಮನೆಯಲ್ಲಿ ಸುಮ್ಮನೆ ನಿಂತು ಇಬ್ಬರ ಉಸಿರು ಕೇಳಿದೆ. ಆಮೇಲೆ ಹೊರಗೆ ಹೋಗಿ ಸೈಕಲ್ಲನ್ನು ಎತ್ತಿಕೊಂಡು ಬಂದು ಅಡುಗೆಮನೆಯಲ್ಲಿ ಬೀಸುವ ಕಲ್ಲಿನ ಪಕ್ಕ ನಿಲ್ಲಿಸಿ, ಮೇಲೆ ನನ್ನದೊಂದು ಹಳೆಯ ಸೀರೆ ಹೊದಿಸಿದೆ. ಕಳ್ಳಿಯ ಹಾಗೆ. ಅಲ್ಲ, ಕಳ್ಳಿಯೇ.

ಆಗ ನೀನು ಬಂದೆ. ನಿನ್ನ ರಿಪೇರಿ ಅಂಗಡಿಯ ಬಾಡಿಗೆ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ ನಿಂತು ಕೇಳಿದೆ.

“ಅಮ್ಮಾರ, ಅವ್ವಗ ಜ್ವರ ಏರ್ಯಾವ್ರಿ. ಒಂದ ಸವನ ಸಾಹೇಬ್ರನ್ನ ಕೇಳಾಕತ್ತಾಳ. ಅದಾರೇನ್ರಿ?”

ನಾನು ಹೊಸ್ತಿಲಲ್ಲಿ ಅಡ್ಡ ನಿಂತೆ. “ಇಲ್ಲಪಾ, ಬಬಲೇಶ್ವರಕ್ಕ ಹೋಗ್ಯಾರ. ಸಂಜಿಗೆ ಬರ್ತಾರ.”

ನೀನು ಬೇವಿನ ಗಿಡದ ಕಡೆ ನೋಡಿದೆ. ಸೈಕಲ್ಲಿರಲಿಲ್ಲ. ಮತ್ತೇನೂ ಕೇಳದೆ ತಿರುಗಿದೆ.

ನಾನು ಅಂದುಕೊಂಡದ್ದು ಇಷ್ಟೇ: ಎರಡು ತಾಸು ಮಲಗಲಿ, ಎದ್ದ ಕೂಡಲೇ ಕಳಿಸಿದರಾಯಿತು. ನೀನು ಮನೆಗೆ ಹೋಗುತ್ತೀ ಎಂದುಕೊಂಡಿದ್ದೆ. ಆದರೆ ನೀನು ಇಬ್ರಾಹಿಂಪುರದ ಕಡೆ ತಿರುಗಲಿಲ್ಲ. ಸಾರವಾಡದ ರಸ್ತೆಗೆ ತಿರುಗಿದೆ. ಬಬಲೇಶ್ವರಕ್ಕೆ. ಕಣ್ಣಾರೆ ಕಂಡೆ, ದೇವಪ್ಪಣ್ಣ — ನೀನು ಇನ್ನೂ ಓಣಿಯ ತುದಿಯಲ್ಲಿದ್ದೆ. ಒಂದು ಸಲ ಕೂಗಿದ್ದರೆ ಕೇಳುತ್ತಿತ್ತು. ಕೂಗಲು ಬಾಯಿ ತೆರೆದೆ ಕೂಡ. ಕೂಸು ಏಳುತ್ತದೆ ಎನಿಸಿತು. ಬಾಯಿ ಮುಚ್ಚಿಕೊಂಡೆ.

ಆಮೇಲಿನದು ನೀನು ಅನುಭವಿಸಿದ್ದು. ಎರೆಮಣ್ಣಿನ ದಾರಿ, ಗಾಲಿಗೆ ಮೆತ್ತಿಕೊಂಡ ಕೆಸರು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆಯಂತೆ. ಸಾರವಾಡದಲ್ಲಿ ಕೇಳಿದೆಯಂತೆ, ಬಬಲೇಶ್ವರದಲ್ಲಿ ಮನೆಮನೆ ಕೇಳಿದೆಯಂತೆ. ಇವರು ಸಂಜೆ ನಾಲ್ಕರ ಹೊತ್ತಿಗೆ ಎದ್ದರು. ಅಷ್ಟರಲ್ಲಿ ಸೈಕಲ್ಲನ್ನು ಮತ್ತೆ ಗಿಡಕ್ಕೆ ಒರಗಿಸಿದ್ದೆ. ‘ಶಾಂತವ್ವಗ ಜಡ್ಡಂತ, ಹೇಳಿ ಕಳಿಸ್ಯಾರ’ ಎಂದೆ, ಬೇರೇನೂ ಹೇಳಲಿಲ್ಲ. ಕೋಟು ಸಿಕ್ಕಿಸಿಕೊಂಡು ಓಡಿದರು. ನಿನ್ನ ಅವ್ವನ ತಲೆದಿಂಬಿನ ಹತ್ತಿರ ಇವರಿದ್ದರು, ನಿನ್ನ ಹೆಂಡತಿ ಇದ್ದಳು. ನೀನಿರಲಿಲ್ಲ. ಹೊತ್ತು ಮುಳುಗುವಾಗ ಅವಳು ಹೋದಳು. ದೀಪ ಹಚ್ಚಿದ ಮೇಲೆ ನೀನು ಬಂದೆ, ಮೊಳಕಾಲತನಕ ಕೆಸರು. ಇವರು ಮನೆಯಲ್ಲಿ ಮಲಗಿದ್ದವರು ಎದ್ದು ಬಂದಿದ್ದರೆಂದು ನಿನ್ನ ಹೆಂಡತಿಯಿಂದಲೇ ನಿನಗೆ ತಿಳಿದಿರಬೇಕು.

ಮಣ್ಣು ಮುಗಿದ ಮೇಲಿನ ಭಾನುವಾರ ಚರ್ಚಿನ ಅಂಗಳದಲ್ಲಿ ಸಮುವೇಲಪ್ಪನವರು ಎಲ್ಲರೆದುರು ಅಂದರು, “ತಾಯಿ ಜೀವ ಹೋಗೂ ಮುಂದ ಮಗಾ ಸೈಕಲ್ ಹೊಡಕೊಂಡ ಊರ ತಿರಗಾಕ ಹೋಗಿದ್ದ.” ಇವರಿಗೆ ಕಸಿವಿಸಿಯಾಯಿತು. “ನಾ ಬಬಲೇಶ್ವರದಾಗ ಅದೀನಿ ಅಂತ ನಿನಗ ಯಾರ ಹೇಳಿದ್ರಪಾ?” ಎಂದು ಕೇಳಿದರು. ನಾನು ಹೆಂಗಸರ ನಡುವೆ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ನೀನು ನನ್ನನ್ನು ನೋಡಿದೆ. ಕೂಸನ್ನೂ ನೋಡಿದೆ.

“ಯಾರೂ ಹೇಳಿಲ್ರಿ. ನಾನಾ ತಿಳಕೊಂಡ ಹೋದೆ” ಎಂದೆ.

ಆಗಲೂ ನಾನು ಸುಮ್ಮನಿದ್ದೆ. ಮನೆಗೆ ಬಂದು ಇವರು ಕೇಳಿದಾಗ ‘ನನಗೇನ ಗೊತ್ತು’ ಎಂದೆ. ಅಂದಿನಿಂದ ಸಭೆಯಲ್ಲಿ ನಿನಗೆ ಅಂಟಿದ ಮಾತು ಹೋಗಲಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವಾಗಲೂ ನಿನ್ನ ಹೆಸರು ತೆಗೆಯುತ್ತಿದ್ದರು. ನಾನು ಕೇಳಿಸಿಕೊಂಡು ಕೂತಿದ್ದೆ.

ಮಾರನೆಯ ಸೋಮವಾರ ಬೆಳಿಗ್ಗೆ ನೀನು ನಮ್ಮ ಬಾಗಿಲಿಗೆ ಬಂದೆ. ಈಗ ಹೇಳುತ್ತಾನೆ ಎಂದುಕೊಂಡೆ. ನೀನು ಬೇವಿನ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗಾಲಿ ತಿರುಗಿಸಿ ನೋಡಿದೆ. “ಟಾಯರ್ ಸವದಾವ್ರಿ ಸಾಹೇಬ್ರ. ಈ ಲಡಾಯಾಗ ಹೊಸಾವ ಎಲ್ಲಿ ಸಿಗತಾವ? ಇವತ್ತೊಂದ ದಿವಸ ಅಂಗಡ್ಯಾಗ ಇರ್ಲಿ, ಗಾಲಿ ನೆಟ್ಟಗ ಮಾಡಿ ನಾಳಿ ಮುಂಜಾನೆ ತಂದ ಕೊಡ್ತೀನಿ.” ಸೈಕಲ್ಲು ತಳ್ಳಿಕೊಂಡು ಹೋಗುವಾಗ ನನ್ನ ಕಡೆ ನೋಡದೆಯೇ ಮೆಲ್ಲಗೆ ಅಂದೆ:

“ಸಾಹೇಬ್ರು ಮಲಗ್ಲಿ, ಅಮ್ಮಾರ.”

ಅದಾದ ಮೇಲೆ ಪ್ರತಿ ಸೋಮವಾರ. ಒಂದು ಸೋಮವಾರ ಟ್ಯೂಬು, ಒಂದು ಸೋಮವಾರ ಚೈನು, ಇನ್ನೊಂದು ಸೋಮವಾರ ಬ್ರೇಕು. ರೈಲು ಹಳಿಯ ಪಕ್ಕದ ನಿನ್ನ ಅಂಗಡಿಯಲ್ಲಿ ಪಾದ್ರಿಗಳ ಸೈಕಲ್ಲು ತಲೆಕೆಳಗಾಗಿ ನಿಂತಿರುವುದನ್ನು ಹೋಗುಬರುವವರೆಲ್ಲ ನೋಡುತ್ತಿದ್ದರು. ಇವತ್ತು ಸಾಹೇಬರು ಎಲ್ಲಿಗೂ ಬರಲಾರರು ಎಂದು ತಿಳಿದು ಬರುವ ಕೆಲಸವನ್ನು ಮಂಗಳವಾರಕ್ಕೆ ಹಾಕುತ್ತಿದ್ದರು. ಬಾಗಿಲಿಗೆ ಬಂದವರೂ ಗಿಡ ಬರಿದಾಗಿರುವುದನ್ನು ನೋಡಿ ಮರಳುತ್ತಿದ್ದರು. ನಿಜವಾಗಿ ಜೀವಕ್ಕೆ ಬಂದಿದ್ದರೆ ಮಾತ್ರ ನೀನೇ ಸೈಕಲ್ಲು ತಂದು ನಿಲ್ಲಿಸುತ್ತಿದ್ದೆ. ಎಂಟು ವರ್ಷದಲ್ಲಿ ಹಾಗೆ ಬಂದದ್ದು ನಾಲ್ಕೈದು ಸಲ. ಆ ಪ್ರತಿ ಸಲವೂ ಇವರು ಹೊತ್ತಿಗೆ ಸರಿಯಾಗಿ ಮುಟ್ಟಿದರು. ನೀನು ಹೊತ್ತು ಮೀರಲು ಬಿಡಲಿಲ್ಲ.

ಆ ಸೋಮವಾರಗಳು ನಮಗೆ ಏನು ಕೊಟ್ಟವೆಂದು ಒಮ್ಮೆಯೂ ನಿನಗೆ ಹೇಳಲಿಲ್ಲ. ಇವರು ಮಗಳಿಗೆ ನೀರು ಹಾಕಲು ಕಲಿತದ್ದು ಸೋಮವಾರ. ಕರುಣಾ ಮೊದಲ ಹೆಜ್ಜೆ ಇಟ್ಟದ್ದು ಸೋಮವಾರ, ಅದನ್ನು ಇವರು ಕಂಡರು. ಬೇರೆ ದಿನವಾಗಿದ್ದರೆ ತಿಕೋಟಾದಲ್ಲಿರುತ್ತಿದ್ದರು. ಕೂಸನ್ನು ಇವರ ಕೈಗೆ ಕೊಟ್ಟು ನಾನು ಸಂಜೆಯತನಕ ನಿದ್ದೆ ಹೊಡೆದ ಸೋಮವಾರಗಳೂ ಇವೆ. ಮಂಗಳವಾರ ಇವರು ಹೊರಟರೆ ಮುಖದಲ್ಲಿ ನಗು ಇರುತ್ತಿತ್ತು, ಭಾನುವಾರದ ಪ್ರಸಂಗದಲ್ಲಿ ಕಸುವು ಇರುತ್ತಿತ್ತು. ಸಭೆ ಹೊಗಳಿದ್ದು ಇವರನ್ನು. ಹಾಗೆ ಇವರನ್ನು ಉಳಿಸಿದವನು ನೀನು — ನನ್ನಿಂದ ತಾಯಿಯ ಕೊನೆಯ ಗಳಿಗೆ ಕಳೆದುಕೊಂಡವನು. ದೇವರಲ್ಲಿ ನಾನು ಮಾಡುವ ಸ್ತೋತ್ರಗಳಲ್ಲಿ ನಿನ್ನ ಹೆಸರು ಒಂದು ದಿನವೂ ತಪ್ಪಿಲ್ಲ. ಮನುಷ್ಯರ ಮುಂದೆ ಮಾತ್ರ ಹೇಳಲಿಲ್ಲ.

ಲಡಾಯಿ ಮುಗಿಯಿತು, ಹೊಸ ಟಾಯರು ಬಂದವು, ಕರುಣಾ ಈಗ ಮೂರನೆಯ ಇಯತ್ತೆ. ನಿನ್ನ ರಿಪೇರಿ ಮಾತ್ರ ಮುಗಿಯಲಿಲ್ಲ.

ಇವತ್ತು ಆರಾಧನೆ ಮುಗಿಸಿ ಬಂದ ಮೇಲೆ ಇವರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಕೇಳಿದರು, “ಹಂಗಾದ್ರ ಆ ಸೈಕಲ್ಲಿಗೆ ಏನೂ ಆಗಿರ್ಲಿಲ್ಲೇನು?”

“ಏನೂ ಇಲ್ಲ” ಎಂದೆ.

ಎದ್ದು ಹೊರಗೆ ಹೋಗಿ ಬೇವಿನ ಗಿಡದ ಹತ್ತಿರ ನಿಂತು ಅತ್ತರು. ನಮ್ಮ ಮದುವೆಯಾದಂದಿನಿಂದ ಇವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಈಗ ಆ ಮಾತು. ನಿನ್ನ ಅವ್ವ ತೀರಿದ ಸಂಜೆ ಇವರು ಮನೆಗೆ ಬಂದು ನನಗೆ ಹೇಳಿದ್ದರು. ಬೆಳಿಗ್ಗೆ ನಿನಗೂ ಹೇಳಬೇಕು ಎಂದಿದ್ದರು. ‘ಈಗ ಬ್ಯಾಡ್ರಿ, ಸಂಕಟ ಹೆಚ್ಚಾಗ್ತದ’ ಎಂದು ತಡೆದವಳು ನಾನು. ನಿನ್ನ ಸಂಕಟದ ಮೇಲಿನ ಕರುಣೆ ಅಲ್ಲ ಅದು. ಇಬ್ಬರೂ ಕೂತು ಆ ದಿನದ ಮಾತು ತೆಗೆದರೆ ಬಬಲೇಶ್ವರದ ಹೆಸರು ಬರುತ್ತದೆ ಎನ್ನುವ ಭಯ. ಇವರು ನನ್ನ ಮಾತು ನಂಬಿದರು. ಆಮೇಲೆ ಹೇಳಿದರಾಯಿತು ಎನ್ನುತ್ತ ದಿನಗಳು ಹೋದವು.

ಶಾಂತವ್ವ ಕೊನೆಗೆ ಪ್ರಾರ್ಥನೆ ಕೇಳಲಿಲ್ಲವಂತೆ. ನೀನು ಅಂಗಡಿಯಲ್ಲಿದ್ದೀ ಎಂದೇ ತಿಳಿದಿದ್ದಳು. ನಿನ್ನ ಹೆಂಡತಿ ನೀರು ತರಲು ಹೊರಗೆ ಹೋಗಿದ್ದಾಗ ಇವರ ಕೈ ಹಿಡಿದು ಅಂದದ್ದು ಇಷ್ಟು: “ದೇವು ಬಂದ ಕೂಡ್ಲೆ ಹೇಳ್ರಿ, ಬುಟ್ಟ್ಯಾಗ ಎರಡ ರೊಟ್ಟಿ ಇಟ್ಟೇನಿ. ಮುಂಜಾಲಿಂದ ಉಂಡಿಲ್ಲ ಅಂವಾ. ಉಂಡ ಹೋಗಂತ ಹೇಳ್ರಿ.”

ನಿನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ ದೇವಪ್ಪಣ್ಣ. ನೀನು ಬರಲಿಲ್ಲವೆಂಬ ನೋವೂ ಇರಲಿಲ್ಲ. ಉಂಡಿಲ್ಲ ಎನ್ನುವುದೊಂದೇ ಅವಳ ಚಿಂತೆಯಾಗಿತ್ತು. ಇದನ್ನು ಎಂಟು ವರ್ಷ ನಿನ್ನಿಂದ ಮುಚ್ಚಿಟ್ಟೆ.

ನಾಳೆ ಸೋಮವಾರ. ನೀನು ಬರಬೇಡ. ಸೈಕಲ್ಲನ್ನು ನಾನೇ ತಳ್ಳಿಕೊಂಡು ಇಬ್ರಾಹಿಂಪುರದತನಕ ಬರುತ್ತೇನೆ. ‘ಅಮ್ಮಾರ, ನೀವ್ಯಾಕ ತಂದ್ರಿ’ ಎಂದು ದಾರಿಯಲ್ಲಿ ಕೇಳಿದವರಿಗೆಲ್ಲ ನಿಂತು ಹೇಳುತ್ತೇನೆ. ಸಮುವೇಲಪ್ಪನವರ ಬಾಗಿಲಲ್ಲಿ ಅವರು ಕೇಳದಿದ್ದರೂ ನಿಂತು ಹೇಳುತ್ತೇನೆ. ಬುಟ್ಟಿಯಲ್ಲಿ ಎರಡು ರೊಟ್ಟಿ ತರುತ್ತೇನೆ. ಉಣ್ಣುವುದು ಬಿಡುವುದು ನಿನಗೆ ಸೇರಿದ್ದು.