ಗಂಗೋತ್ರಿಯ ಕ್ಲಿಂಗನ್

ಸೊಕ್ಕೆ ಊರಿನ ಸೊಸೆ ಗಂಗೋತ್ರಿಗೆ ಇದ್ದದ್ದು ಒಂದೇ ಹುಚ್ಚು: ಕ್ಲಿಂಗನ್. ಯಾವ ಊರಿನವರೂ ಆಡದ, ಕಥೆಗಾಗಿ ಯಾರೋ ಹುಟ್ಟಿಸಿದ ಭಾಷೆ. ಅದನ್ನು ಕಲಿಯುವವರದೇ ಒಂದು ಗುಂಪು ಅವಳ ಫೋನಿನಲ್ಲಿತ್ತು; ಪ್ರತಿ ಭಾನುವಾರ ಅಲ್ಲಿಗೆ ಒಂದು ಒಗಟು ಬರುತ್ತಿತ್ತು. ಹತ್ತು ವಾಕ್ಯ, ಅವುಗಳ ಅರ್ಥ. ಯಾವ ತುಂಡು ಏನು ಹೇಳುತ್ತದೆಂದು ಬಿಡಿಸಬೇಕು. ಕರ್ಮ ಮೊದಲು, ಕರ್ತೃ ಕೊನೆಗೆ ಬರುವ ತಲೆಕೆಳಗಾದ ವ್ಯಾಕರಣ. ರೊಟ್ಟಿ ತಟ್ಟುತ್ತಲೇ ಗಂಟಲಿನಾಳದಿಂದ ಗಟ್ಟಿಯಾಗಿ ಹೇಳಿಕೊಂಡು ಬಿಡಿಸುತ್ತಿದ್ದಳು. ಆ ಮನೆಯಲ್ಲಿ ಅವಳಿಗೆಂದು ಇದ್ದ ಸುಖ ಅದೊಂದೇ.

ಅದಕ್ಕೂ ಕಲ್ಲು ಬಿತ್ತು. ಒಂದು ಮಂಗಳವಾರ ಹಾಗೆ ಗುಡುಗುತ್ತಿದ್ದಾಗ ಅತ್ತೆ ಉಚ್ಚಂಗೆಮ್ಮ ಬಾಗಿಲಲ್ಲಿ ನಿಂತು ಕೈಮುಗಿದಳು. “ನಮ್ಮ ಸೊಸಿ ಮೈಮ್ಯಾಲೆ ಅಮ್ಮ ಬಂದಾಳೆ!”

“ಇದು ಫೋನಿನಾಗೆ ಕಲಿತಿದ್ದು ಕಣ್ರಿ ಅತ್ತೆ.”

“ಅಮ್ಮ ಎಲ್ಲಿಂದ ಬ್ಯಾಕಾದ್ರೂ ಬರ್ತಾಳೆ, ಸುಮ್ಕಿರು.”

ಇಂಥ ಅತ್ತೆಗೆ ಯಾರು ತಾನೆ ವ್ಯಾಕರಣ ಕಲಿಸಿಯಾರು! ಅಂದಿನಿಂದ ಮಂಗಳವಾರ, ಶುಕ್ರವಾರ ಜಗುಲಿ ತುಂಬ ಜನ. ಎಮ್ಮೆ ಕಳೆದುಕೊಂಡವರು, ಬೋರ್ ಕೊರೆಸುವವರು. ಗಂಗೋತ್ರಿಯ ಹಣೆಗೆ ಕುಂಕುಮ ಬಳಿದು ಕೂರಿಸಿದರು. ಅವಳು ಬಾಯಿಗೆ ಬಂದ ಕ್ಲಿಂಗನ್ ಹೇಳಿದರೆ, ಅತ್ತೆ ತನಗೆ ತೋಚಿದ ಅರ್ಥ ಹೇಳಿ ಕಳಿಸುತ್ತಿದ್ದಳು. ಅಮ್ಮ ಬಂದವಳು ಊರು ಬಿಡಬಾರದೆಂಬ ಕಟ್ಟು ಬೇರೆ. ಗಂಗೋತ್ರಿಗೋ ಹೊನ್ನಾಳಿಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಬರುವ ಬುಧವಾರ ಸೇರಬೇಕಿತ್ತು. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಗುಂಪಿನವರು ಅದೇ ಭಾಷೆಯಾಡುವ ವಿಡಿಯೊವನ್ನು ಅದರ ಹಿಂದಿನ ದಿನ, ಮಂಗಳವಾರ, ಎಲ್ಲರಿಗೂ ತೋರಿಸಿ, ಈ ನಾಟಕ ಮುಗಿಸುವುದೆಂದು ಗಟ್ಟಿ ಮನಸ್ಸು ಮಾಡಿದಳು.

ಆ ಮಂಗಳವಾರ ಮೊದಲು ಬಂದು ಕೂತವಳು ಪಕ್ಕದ ಓಣಿಯ ಗಿಡ್ಡಮ್ಮ. ಹಿಂದೆ ಅವಳ ಮಗ ಕೈಕಟ್ಟಿ ನಿಂತಿದ್ದ.

“ಮೊಮ್ಮಗಳಿಗೆ ಹದಿನೈದು ತುಂಬೈತೆ ತಾಯಿ. ಇವನು ಗಂಡು ಗೊತ್ತು ಮಾಡ್ಯಾನೆ. ಹುಡುಗಿ ಓದ್ತೀನಿ ಅಂತ ಉಣ್ಣಾಕೂ ಒಲ್ಲೆ ಅಂತಾಳೆ. ಇವನು ಯಾರ ಮಾತೂ ಕೇಳಂಗಿಲ್ಲ, ನಿನ್ನ ಮಾತು ಮಾತ್ರ ಮೀರಂಗಿಲ್ಲ. ಮದುವಿ ಮಾಡಾಣೋ, ಬಿಡಾಣೋ?”

ಗಂಗೋತ್ರಿಯ ಕೈಯಲ್ಲಿ ಫೋನ್ ಸಿದ್ಧವಾಗಿತ್ತು. ವಿಡಿಯೊ ತೋರಿಸಿದರೆ ತನಗೆ ಬಿಡುಗಡೆ, ಆ ಹುಡುಗಿಗೆ ತಾಳಿ. ಅವಳು ಫೋನನ್ನು ಸೆರಗಿನಡಿ ಸರಿಸಿ, ಜಗುಲಿ ನಡುಗುವಂತೆ ಕ್ಲಿಂಗನ್‌ನಲ್ಲಿ ಗುಡುಗಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ಕನ್ನಡದಲ್ಲೂ ಹೇಳಿದಳು: “ಬ್ಯಾಡ. ಹುಡುಗಿ ಓದ್ಲಿ.”

ಗಿಡ್ಡಮ್ಮನ ಮಗ ಅಡ್ಡಬಿದ್ದ.

ಮರುದಿನ ಹೊನ್ನಾಳಿಗೆ ಹೊರಡಬೇಕಿದ್ದ ಹೊತ್ತಿಗೆ ಗಂಗೋತ್ರಿ ಜಗುಲಿಯಲ್ಲೇ ಇದ್ದಳು. ಗಿಡ್ಡಮ್ಮನ ಮೊಮ್ಮಗಳು ಯೂನಿಫಾರ್ಮ್ ತೊಟ್ಟು ಶಾಲೆಗೆ ಹೊರಟಿದ್ದವಳು ಇವಳನ್ನು ಕಂಡು ನಿಂತಳು. ಚಪ್ಪಲಿ ಕಳಚಿಟ್ಟು, ಕಣ್ಣುಮುಚ್ಚಿ ಕೈಮುಗಿದಳು.