ನಲ್ಲಿ ಕೆಳಗಿನ ಕಲ್ಲು

ಆ ಕಲ್ಲಿನಲ್ಲಿ ನಾನು ಭೂವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ಗೆರೆಗಳನ್ನು ನಿಜವಾಗಿ ಕಂಡೆನೋ, ಹಟಕ್ಕೆ ನಾನೇ ಕಟ್ಟಿಕೊಂಡೆನೋ, ಹೇಳಲಾರೆ. ಕಂಡೆನೆಂದು ಎಷ್ಟು ಸಲ ವಾದಿಸಿದ್ದೇನೆಂದರೆ, ಈಗ ನೆನಪಿರುವುದು ಕಲ್ಲೋ ವಾದವೋ ತಿಳಿಯದು.

ಅದು ಪೂರ್ವ ಕರಾವಳಿಯ ಹಳೆಯ ಅಳಿವೆಯೊಂದರ ಮರಳುಗಲ್ಲು. ಅದರ ತುಂಬ ಕಪ್ಪೆಚಿಪ್ಪುಗಳು ಕೊರೆದ ಬಿಲಗಳು. ಪ್ರವಾಹ ಮೇಲೆ ಮರಳು ಸುರಿದಾಗ ಒಳಗಿನ ಜೀವ ಮೇಲಕ್ಕೆ ಜರುಗುತ್ತದೆ. ಅದು ಬಿಟ್ಟ ಜಾಗಕ್ಕೆ ಮರಳು ಕುಸಿದು ಬಾಗಿದ ಗೆರೆಗಳಾಗುತ್ತವೆ. ಬಿಲದ ಬಾಯಲ್ಲಿ ನಾನು ಅವನ್ನು ತೋರಿಸಿದಾಗ ನಮ್ಮ ಪ್ರೊಫೆಸರ್ ಬಗ್ಗಿಯೂ ನೋಡಲಿಲ್ಲ. "ಬರೀ ಬೇರಿನ ಗುರುತು. ಬೆಟ್ಟದವನಿಗೆ ಸಮುದ್ರ ಕಂಡಿತಂತೆ!" ಎಂದರು. ತರಗತಿ ನಕ್ಕಿತು. ಆ ನಗು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಲ್ಲನ್ನು ಬಸ್ಸಿನಲ್ಲಿ ಹೊತ್ತು ಬೆಟ್ಟದ ನಮ್ಮೂರು ಮಸಿನಗುಡಿಗೆ ತಂದೆ. ಅದು ಸಿಕ್ಕಿದ್ದ ದಿಬ್ಬವನ್ನು ಆಮೇಲೆ ಅಗೆದು ಸಾಗಿಸಿಬಿಟ್ಟರು.

ಈ ಸಲ ರಜೆಗೆ ಹೋದಾಗ ಕಲ್ಲು ಹಿತ್ತಲ ನಲ್ಲಿಯ ಕೆಳಗೆ ಕೊಡ ಇಡುವ ಕಲ್ಲಾಗಿ ಕೂತಿತ್ತು. ಬಿಲಗಳ ಬಾಯಿಗೆಲ್ಲ ಸಿಮೆಂಟು.

"ಯಾರು ಮಾಡಿದ್ದು ಇದನ್ನ?"

ಅತ್ತಿಗೆ ಕೊಡ ಇಳಿಸಲೇ ಇಲ್ಲ. "ನಾನೇ ಮಾಡಿಸ್ದೆ. ಆ ತೂತಲ್ಲಿ ನೀರು ನಿಂತು ಸೊಳ್ಳೆ ಮರಿ. ಪಂಚಾಯ್ತಿಯವ್ರು ಟಾರ್ಚ್ ಬಿಟ್ಟು ನೋಡಿ ನನ್ನ ಬೈದ್ರು. ನಿನ್ನ ಚಿಪ್ಪು ಬಂದು ಬೈಸ್ಕೊಳ್ತಾ?"

"ಫೋನಲ್ಲಿ ಕೇಳ್ದಾಗ ಏನಾದ್ರೂ ಮಾಡಿ ಅಂದೆಯಲ್ಲೋ," ಎಂದ ಅಣ್ಣ.

ಅಂದಿಲ್ಲ ಎಂದು ಕೂಗಿದೆ. ಅಂದಿರಲೂಬಹುದು. ಅದರಿಂದ ಸಿಟ್ಟು ಇಳಿಯಲಿಲ್ಲ, ಏರಿತು. ಉಳಿ ತಂದು ಸಿಮೆಂಟು ಕೀಳಲು ಕೂತೆ. ಸಿಮೆಂಟು ಅಲುಗಲಿಲ್ಲ, ಸುತ್ತಲ ಮರಳುಗಲ್ಲೇ ಪುಡಿಯಾಯಿತು. ಆ ಪ್ರೊಫೆಸರನ್ನು, ಪಂಚಾಯಿತಿಯನ್ನು, ಮನೆಯವರನ್ನು ಒಂದೇ ಉಸಿರಿಗೆ ಬೈದೆ.

ಅಣ್ಣ ಕೇಳುವಷ್ಟು ಕೇಳಿದ. "ಒಳಗೆ ಆ ಗೆರೆ ಇದೆಯೋ ಇಲ್ವೋ, ಅಷ್ಟೇ ತಾನೆ? ಒಡೆದು ನೋಡು."

"ಒಡೆದ್ರೆ ಮತ್ತೆ ಇನ್ನೊಂದಿಲ್ಲ."

"ಒಡೀದಿದ್ರೆ ಇರೋದೇನು? ಬರೀ ನಿನ್ನ ಬಾಯಿ!"

ಸುತ್ತಿಗೆ ಕೈಗೆ ಕೊಟ್ಟ. ನನ್ನಿಂದ ಎತ್ತಲಾಗಲಿಲ್ಲ. ಒಳಗೆ ಬೇರಿನ ಗುರುತೇ ಇದ್ದರೆ ಆ ತರಗತಿ ನಕ್ಕದ್ದು ಸರಿಯಾಗುತ್ತಿತ್ತು. ಇಷ್ಟು ವರ್ಷ ನಾನು ಹಲ್ಲು ಕಚ್ಚಿದ್ದು ಸುಳ್ಳಿಗಾಗಿ ಎಂದಾಗುತ್ತಿತ್ತು.

"ಆಚೆ ಸರಿ," ಎಂದು ಅಣ್ಣನೇ ಹೊಡೆದ. ಕಲ್ಲು ಒಂದು ಬಿಲದ ಉದ್ದಕ್ಕೇ ಸೀಳಿತು. ಅತ್ತಿಗೆ, "ಈಗ ಕೊಡ ಎಲ್ಲಿಡ್ಲಿ ಹೇಳಪ್ಪ?" ಎಂದರು. ನಾನು ಅವರಿಗೂ ರೇಗಿದೆ.

ಒಡೆದ ಮುಖಕ್ಕೆ ಮಣ್ಣು ಮೆತ್ತಿತ್ತು. ಅಲ್ಲಿ ಏನೂ ಕಾಣಲಿಲ್ಲ. ಆಮೇಲೆ ಹಳೆ ಬ್ರಷ್ಷಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಲೆನ್ಸ್ ಹಿಡಿದು ನೋಡಿದೆ. ಸಿಮೆಂಟು ಇಳಿದದ್ದು ಮೇಲಿನ ಗುಳಿಗೆ ಮಾತ್ರ. ಅದರ ಕೆಳಗೆ, ಬಿಲದ ತಳದವರೆಗೂ, ಬಾಗಿದ ಗೆರೆಗಳು ಒಂದರ ಮೇಲೊಂದು ಇದ್ದವು.