ರಾಕೆಟ್ಟಿಗೆ ಹಾಕಿದ ಚಡ್ಡಿ ಎಲಾಸ್ಟಿಕ್ಕು

೧೯೫೭ರಲ್ಲಿ ಒಂಬತ್ತನೇ ತರಗತಿಗೆ ನಾನು ಕೊಳ್ಳೇಗಾಲದ ಹೈಸ್ಕೂಲು ಬಿಟ್ಟೆ. ಟೈಲರ್ ಅಂಗಡಿಯೊಂದರಲ್ಲಿ ಕಾಜಾ ಹೊಲಿಯುತ್ತಾ ಕೆಲಸ ಕಲಿತೆ. ೧೯೭೧ರ ಹೊತ್ತಿಗೆ ಸ್ವಂತ ಅಂಗಡಿಯಿತ್ತು. ನನ್ನ ಹೊಲಿಗೆ ಬಿಟ್ಟಿತೆಂದು ಯಾರೂ ಬಟ್ಟೆ ವಾಪಸ್ ತಂದವರಲ್ಲ. ಈ ಮಾತನ್ನು ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ.

ಅದನ್ನು ಕೇಳಿಯೇ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದರು. ಕೈಯಲ್ಲಿ ಮೊಳದುದ್ದದ ರಟ್ಟಿನ ಕೊಳವೆ, ತುದಿಗೆ ಮರದ ತಲೆ. ಮಕ್ಕಳಿಗೆ ತೋರಿಸಲು ಮಾಡಿದ ರಾಕೆಟ್ಟು. ಮೇಲೆ ಹೋದ ಮೇಲೆ ಒಳಗಿನ ಮದ್ದು ಇನ್ನೊಮ್ಮೆ ಸಿಡಿದು ತಲೆಯನ್ನು ಆಚೆ ತಳ್ಳಬೇಕು, ಒಳಗೆ ಮಡಿಸಿಟ್ಟ ಪ್ಯಾರಾಚೂಟಿನ ಛತ್ರಿ ಬಿಚ್ಚಿಕೊಳ್ಳಬೇಕು, ಎಲ್ಲ ಒಟ್ಟಿಗೆ ಮೆಲ್ಲಗೆ ಇಳಿಯಬೇಕು. ಆದರೆ ತಲೆಗೂ ಕೊಳವೆಗೂ ಕಟ್ಟಿದ ದಾರ ಪ್ರತಿಸಲವೂ ಕಿತ್ತುಹೋಗುತ್ತಿತ್ತು.

"ಎರಡು ಹೋಯ್ತು, ಇದೊಂದೇ ಉಳಿದಿರೋದು. ಶನಿವಾರ ಹಾರಿಸ್ತೀನಿ ಅಂತ ಮಕ್ಕಳಿಗೆ ಹೇಳಿಬಿಟ್ಟಿದ್ದೀನಿ" ಎಂದರು.

"ದಾರ ಯಾಕ್ ಸಾ? ಎಲಾಸ್ಟಿಕ್ ಆಕನ. ನಾನ್ ಆಕಿದ್ದು ಕೈ ಕೊಡ್ತು ಅಂದ್ರೆ ಕತ್ರಿ ಎತ್ತಿ ಮಡಗ್ಬುಡ್ತೀನಿ."

ಬಾಯಿಂದ ಬಂದುಬಿಟ್ಟಿತು. ಅಂಗಡಿ ತುಂಬ ಜನ ಬೇರೆ ಇದ್ದರು.

ದಪ್ಪ ಕಾಗದವನ್ನು ಮೂರು ಮಡಿಕೆ ಮಾಡಿ, ನಡುವೆ ಎಲಾಸ್ಟಿಕ್ಕಿನ ತುದಿ ಇಟ್ಟು ಅಡ್ಡಡ್ಡ ಹೊಲಿದೆ. ಗುಂಡಿಯ ಹಿಂದೆ ಪಟ್ಟಿ ಕೊಡುತ್ತೇವಲ್ಲ, ಹಾಗೆ. ತಲೆ ಕೂರುವ ಜಾಗ ಬಿಟ್ಟು ಎರಡು ಬೆರಳು ಕೆಳಗೆ, ಕೊಳವೆಯ ಒಳಗೋಡೆಗೆ ಅದನ್ನು ಅಂಟಿಸಿದೆ. ಇನ್ನೊಂದು ತುದಿಯನ್ನು ಮರದ ತಲೆಯ ಕೊಕ್ಕೆಗೆ ಕಟ್ಟಿದೆ. ಛತ್ರಿಗೆ ಪಕ್ಕದ ನೇಕಾರರ ಮನೆಯ ರೇಷ್ಮೆ ತುಂಡು.

ಗುರುವಾರ ಮಾಂಬಳ್ಳಿಯ ಕುಯ್ದ ಗದ್ದೆಯಲ್ಲಿ ಪರೀಕ್ಷೆ. ಮದ್ದು ತುಂಬಿಕೊಟ್ಟಿದ್ದ ಹನೂರಿನ ಪಟಾಕಿಯವನೂ ಬಂದಿದ್ದ.

"ಏನ್ಲಾ, ಚಡ್ಡಿ ಎಲಾಸ್ಟಿಕ್ ಆಕಿದ್ದೀಯಾ? ರಾಕೆಟ್ಗೆ ಚಡ್ಡಿ ಜಾರ್ತಿತ್ತಾ?"

"ನಿನ್ ಮದ್ದು ಒತ್ಕಂಡ್ರೆ ಸಾಕು, ನಂದ್ ನಾನ್ ನೋಡ್ಕತೀನಿ ಕಣ್ಲಾ."

ರಾಕೆಟ್ಟು ಸುಯ್ಯೆಂದು ಏರಿತು. ತಲೆ ಬಿಚ್ಚಿತು, ಛತ್ರಿ ಅರಳಿತು. ಆದರೆ ದೂರ ಹಾರಿದ ತಲೆ ಎಲಾಸ್ಟಿಕ್ ಎಳೆದ ರಭಸಕ್ಕೆ ಹಿಂದೆ ಬಂದು ಕೊಳವೆಯ ಬಾಯಿಗೇ ಗುದ್ದಿತು. ಇಳಿದಾಗ ರಟ್ಟು ಹರಿದಿತ್ತು.

"ಒಲ್ಗೆ ನೆಟ್ಗದೆ ಬುಡು, ಬಟ್ಟೆನೇ ಅರ್ದೋಯ್ತು!" ಎಂದು ಪಟಾಕಿಯವನು ನಕ್ಕ.

ಮೇಷ್ಟ್ರು ನಗಲಿಲ್ಲ. ಹೊಲಿಗೆ ಬಿಟ್ಟಿಲ್ಲ ಎಂದು ನಾನು ವಾದಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಗದ್ದೆ ಬದುವಿನಲ್ಲೇ ಕೂತು ಎಲಾಸ್ಟಿಕ್ ಅಳೆದೆ. ಎರಡು ಗೇಣಿನ ಕೊಳವೆಗೆ ಒಂದೇ ಗೇಣು ಹಾಕಿದ್ದೆ. ಬಿಗಿಯಾಗಿ ಹಿಡಿಯಲಿ ಎಂದು ಸೊಂಟಕ್ಕಿಂತ ಗಿಡ್ಡ ಕತ್ತರಿಸುವುದು ನಮ್ಮ ಕಸುಬು. ಕೈ ಅದನ್ನೇ ಮಾಡಿತ್ತು.

"ತಪ್ಪು ನಂದೇ ಸಾ. ಸೊಂಟದ್ ಲೆಕ್ಕಕ್ಕೆ ಕತ್ತರ್ಸ್ಬುಟ್ಟೆ."

"ಮತ್ತೆ ಎಷ್ಟು ಬೇಕು?"

"ಕೊಳ್ವೆ ಉದ್ದದ್ ಮೂರರಷ್ಟು. ತಲೆ ಓಗೋಗಂಟ ಓಗ್ಲಿ, ಸುಸ್ತಾಗಿ ನಿಂತ್ಕಳ್ಳಿ."

ಹರಿದ ಬಾಯನ್ನು ನೀಟಾಗಿ ಕತ್ತರಿಸಿ, ಹೊಸ ಪಟ್ಟಿ ಅಂಟಿಸಿ, ಉದ್ದನೆಯ ಎಲಾಸ್ಟಿಕ್ಕನ್ನು ಮಡಿಸಿ ಒಳಗಿಟ್ಟೆ.

ಶನಿವಾರ ಶಾಲೆಯ ಬಯಲಿನಲ್ಲಿ ರಾಕೆಟ್ಟು ಏರಿ, ಬಿಚ್ಚಿ, ತಲೆಯನ್ನು ಪಕ್ಕದಲ್ಲೇ ತೂಗಾಡಿಸಿಕೊಂಡು ಇಳಿಯಿತು. ಎಲ್ಲೂ ತರಚಿರಲಿಲ್ಲ. ಮಕ್ಕಳು ಕಿರುಚಿದ್ದಕ್ಕೆ ಮರದ ಕಾಗೆಗಳೆಲ್ಲ ಎದ್ದವು. ನಾನು ಬಿಟ್ಟುಹೋಗಿದ್ದ ಶಾಲೆಯಲ್ಲಿ ಮೇಷ್ಟ್ರು ನನ್ನನ್ನೇ ಮುಂದೆ ನಿಲ್ಲಿಸಿ, "ಯಾಕೆ ಉದ್ದ ಬೇಕು, ನೀವೇ ಹೇಳಿ" ಎಂದರು. ಹೇಳಿದೆ. ಸೊಂಟದ ಕಥೆಯನ್ನೂ ಬಿಡಲಿಲ್ಲ.

ಪಟಾಕಿಯವನು ಎಲಾಸ್ಟಿಕ್ಕನ್ನು ಜಗ್ಗಿ ಜಗ್ಗಿ ನೋಡಿದ. "ನಂಗೂ ಇದ್ರಲ್ಲೇ ಒಂದ್ ಚಡ್ಡಿ ಒಲ್ಕೊಡು ಕಣ್ಲಾ" ಎಂದ.

ಹೊಲಿದುಕೊಟ್ಟೆ. ಅದೂ ವಾಪಸ್ ಬರಲಿಲ್ಲ.

ಈಗ ನನ್ನ ಅಂಗಡಿಯಲ್ಲಿ ನಾಲ್ಕು ಮಿಷನ್ನು, ಐದು ಕತ್ತರಿ, ಮೇಷ್ಟ್ರು ಕೊಟ್ಟುಹೋದ ಒಂದು ರಾಕೆಟ್ಟು ಇವೆ.